ಬಸ್ಸಿನ ವೇಳೆ ಬರೆದರೆ ಲಕೋಟೆ

೧೯೯೯ರ ಆಗಸ್ಟ್ ತಿಂಗಳ ಒಂದು ಶುಕ್ರವಾರ, ಮಧ್ಯಾಹ್ನ ಮೂರೂವರೆ. ಕೆ.ಆರ್. ಪೇಟೆ ಬಸ್ ನಿಲ್ದಾಣದ ಹಿಂದಿನ ಕಂಪ್ಯೂಟರ್ ಕೇಂದ್ರ. ಅಲ್ಲಿದ್ದವರು ಟೈಪಿಂಗ್ ಶಾಲೆ ನಡೆಸುತ್ತಿದ್ದ ನಾನು, ನನ್ನ ಪಕ್ಕದ ಮನೆಯ ಡೇರಿ ಕಾರ್ಯದರ್ಶಿ, ಕೇಂದ್ರದ ಒಡತಿ.

ಮಾರನೆಯ ದಿನ ನಾಗಮಂಗಲದ ಹತ್ತಿರದ ಹಳ್ಳಿಯಲ್ಲಿ ಕಾರ್ಯದರ್ಶಿಯ ತಂದೆಯ ತಿಥಿ. ಹಿರಿಯ ಮಗ ಬರದೆ ಎಡೆ ಇಡುವಂತಿರಲಿಲ್ಲ. ಆ ಅಣ್ಣ ಚೆನ್ನೈನಲ್ಲಿ ಕೆಲಸಕ್ಕಿದ್ದ. ಕಚೇರಿಯ ಫೋನಿಗೆ ಸ್ವಂತ ಕರೆ ಬರುವಂತಿರಲಿಲ್ಲ. ಆದರೆ ಕಂಪ್ಯೂಟರಿನಲ್ಲಿ, ಇಂಟರ್‌ನೆಟ್ ಮೂಲಕ ನಮ್ಮ ಕಡೆಯವರು ಸೇರುತ್ತಿದ್ದ ಒಂದು ಚರ್ಚಾಕಟ್ಟೆಯನ್ನು ದಿನವೂ ನೋಡುತ್ತಿದ್ದ. ಬೆಳಗ್ಗೆ ಶ್ರೀರಂಗಪಟ್ಟಣದಲ್ಲಿ ರೈಲಿಳಿದರೆ ಮುಂದೆ ಯಾವ ಬಸ್ಸು ಎಂದು ಅಲ್ಲೇ ಕೇಳಿದ್ದ. ಬಸ್ಸುಗಳ ವೇಳೆ ಬದಲಾಗಿತ್ತು. ಐದಕ್ಕೆ ಅವನು ಕಚೇರಿ ಬಿಟ್ಟ ಮೇಲೆ ತಿಳಿಸುವ ದಾರಿಯಿರಲಿಲ್ಲ.

ಹೊಸ ವೇಳೆ ನನ್ನ ದಿನಚರಿ ಪುಸ್ತಕದಲ್ಲಿತ್ತು. ನನ್ನ ಶಾಲೆಯ ಹಲಗೆಯ ಮೇಲೆ ಬ್ಯಾಚುಗಳ ಸಮಯ ಬರೆಯುವ ಕ್ರಮದಲ್ಲೇ ಇಂಗ್ಲಿಷಿನಲ್ಲಿ ಹೊಡೆದೆ. ಊರಿನ ಹೆಸರು, ಅದಕ್ಕಂಟಿದಂತೆ @ ಗುರುತು, ಅದಕ್ಕಂಟಿದಂತೆ ಗಂಟೆ. ಮೂರು ಸಾಲು. ಕಳಿಸಿದರೆ ಪರದೆಯ ಮೇಲೆ ಊರೂ ಇಲ್ಲ, ಗಂಟೆಯೂ ಇಲ್ಲ. ಮೂರು ನೀಲಿ ಲಕೋಟೆಯ ಚಿತ್ರ.

“ಇದೇನ್ ಮೇಷ್ಟ್ರೆ, ಬಸ್ಸು ಕೇಳುದ್ರೆ ಕಾಗ್ದ ಆಕ್ಬುಟ್ರಿ?” ಎಂದರು ಕಾರ್ಯದರ್ಶಿ.

“ಆ ಗುರುತು ಕಂಡ್ರೆ ಮೇಲ್ ವಿಳಾಸ ಅಂತ ತಿಳ್ಕಂಡು, ಬರ್ದಿದ್ನ ಮುಚ್ಚಿ ಅದೇ ಲಕೋಟೆ ಲಿಂಕ್ ಮಾಡ್ಬುಡ್ತದೆ ಸಾರ್,” ಎಂದಳು ಒಡತಿ.

“ಮಾಡು ಅಂತ ನಾನು ಹೇಳಿದ್ನೇನಮ್ಮ?” ಎಂದೆ.

“ಅದ್ಯಾರ್ನ ಕೇಳ್ತದೆ ಸಾರ್!”

ಟೈಪ್ ಯಂತ್ರದಲ್ಲಿ ಅಕ್ಷರದ ಕೆಳಗೆ ಗೆರೆ ಬೇಕಾದರೂ ಹಿಂದಕ್ಕೆ ಬಂದು ನಾವೇ ಎಳೆಯಬೇಕು. ನಾನು ಹೊಡೆದದ್ದನ್ನು ಯಾವ ಯಂತ್ರವೂ ಅದುವರೆಗೆ ಬದಲಿಸಿರಲಿಲ್ಲ. ಹಲಗೆಯ ಕ್ರಮ ಬಿಡಲು ಮನಸ್ಸಾಗದೆ ಎರಡನೆಯ ಸಲವೂ ಹಾಗೇ ಹೊಡೆದೆ. ಮತ್ತೆ ಮೂರು ಲಕೋಟೆ. ಅಷ್ಟರಲ್ಲಿ ಸಂಪರ್ಕ ಕಡಿಯಿತು. ಮತ್ತೆ ಸಿಕ್ಕಾಗ ನಾಲ್ಕು ಮೂವತ್ತೈದು. ಅಣ್ಣನ ಉತ್ತರ ಬಂದಿತ್ತು: ಆರು ಲಕೋಟೆ ಕಾಣುತ್ತಿವೆ, ಒಂದೂ ತೆರೆಯುತ್ತಿಲ್ಲ.

ಕಾರ್ಯದರ್ಶಿ ಕುರ್ಚಿಯಿಂದ ಎದ್ದೇಬಿಟ್ಟರು. “ಮೇಷ್ಟ್ರೆ, ನಾಳೆ ನಮ್ಮಪ್ಪ ಎಡೆಗೆ ಕಾಯ್ತಾ ಕೂತಿರ್ತಾನೆ. ಅವನ್ಗೆ ಲಕೋಟೆ ಬಡ್ಸಾಕಾಯ್ತದಾ? ಚೆಂದ ಬ್ಯಾಡ, ಬಾಯಲ್ಲಿ ಯೋಳ್ದಂಗೆ ಬರ್ದ್ಬುಡಿ!”

ಬರೆದೆ. ಶ್ರೀರಂಗಪಟ್ಟಣದಲ್ಲಿ ಏಳು ಹತ್ತರ ಬಸ್ಸು ಹತ್ತು, ಪಾಂಡವಪುರದಲ್ಲಿ ಇಳಿದು ಎಂಟರದ್ದು ಹಿಡಿ, ನಾಗಮಂಗಲದಿಂದ ಊರಿಗೆ ಒಂಬತ್ತೂವರೆಗೆ. ಸಾಲಿಲ್ಲ, ಗುರುತಿಲ್ಲ, ಗಂಟೆಗಳೂ ಅಕ್ಷರದಲ್ಲೇ. ಬರೆದದ್ದು ಬರೆದ ಹಾಗೇ ನಿಂತಿತು. ಐದಕ್ಕೆ ನಾಲ್ಕು ನಿಮಿಷವಿದ್ದಾಗ ಅಣ್ಣ ಉತ್ತರಿಸಿದ: ಚೀಟಿಯಲ್ಲಿ ಬರೆದುಕೊಂಡೆ, ಹೊರಟೆ.

ಶಾಲೆಗೆ ಮರಳಿ ಐದೂವರೆಯ ಬ್ಯಾಚ್ ಮುಗಿಸಿದೆ. ಹಲಗೆಯ ಮೇಲಿದ್ದ ವೇಳೆಗಳನ್ನು @ ಗುರುತಿನ ಸಮೇತ ಇದ್ದಂತೆಯೇ ಬಿಟ್ಟೆ. ಏಳು ಯಂತ್ರಗಳಿಗೂ ಹೊದಿಕೆ ಹಾಕಿ, ಬೀಗ ಎಳೆದು ನೋಡಿದೆ.