ದೊಡ್ಡಪ್ಪನ ಗಾಡಿ, ದೊಡ್ಡಪ್ಪನ ಹೆಬ್ಬೆರಳು

ದೊಡ್ಡಪ್ಪನ ಬಲಗೈ ಹೆಬ್ಬೆರಳು ಹೊರಕ್ಕೆ ತಿರುಚಿಕೊಂಡಿತ್ತು. ಉಗುರು ದಪ್ಪ, ಹಳದಿ. ಅದರ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಕರಿ ಆಯಿಲು. ಅದೇ ಹೆಬ್ಬೆರಳಿನಿಂದ ನಶ್ಯ ಏರಿಸುವುದು, ಅದನ್ನೇ ಧೋತರಕ್ಕೆ ಒರೆಸಿಕೊಳ್ಳುವುದು, ಅದರಿಂದಲೇ ಶೇಂಗಾ ಉಂಡಿ ಮುರಿದು "ತಿನ್ನ ಯವ್ವಾ" ಎಂದು ನನ್ನ ಬಾಯಿಗೇ ಹಿಡಿಯುವುದು. ನಾನು ಹಿತ್ತಿಲಿಗೆ ಹೋಗಿ ಉಗುಳಿ ಬರುತ್ತಿದ್ದೆ. ಇಂದಿಗೂ ಯಾರಾದರೂ ಶೇಂಗಾ ಉಂಡಿ ಕೊಟ್ಟರೆ ತಟ್ಟೆ ಆ ಕಡೆ ಸರಿಸುತ್ತೇನೆ.

ಆ ಬೆರಳು ತಿರುಚಿದ್ದು ಗಾಡಿಯಿಂದ. ತಿಕೋಟಾದ ನಮ್ಮ ಮನೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಒಂದು ಪುರಾತನ ಕಾರು ನಿಂತಿರುತ್ತಿತ್ತು. ಕೀಲಿ ತಿರುವಿದರೆ ಚಾಲೂ ಆಗುವ ಗಾಡಿಯಲ್ಲ. ಮೂತಿಯ ಕೆಳಗಿನ ತೂತಿಗೆ ಕಬ್ಬಿಣದ ಹ್ಯಾಂಡಲ್ ಹಾಕಿ ಜೋರಾಗಿ ತಿರುವಬೇಕು. ಎಂಜಿನ್ ಮುನಿದರೆ ಹ್ಯಾಂಡಲ್ ಉಲ್ಟಾ ಹೊಡೆಯುತ್ತದೆ. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಿ ಹಿಡಿದವನ ಕೈ ಅಂದಿಗೆ ಮುಗಿಯಿತು. ಪ್ರತಿ ಅಮಾವಾಸ್ಯೆ ಗಾಡಿಗೆ ಪೂಜೆ ಮಾಡಿ, ಪೆಟ್ರೋಲ್ ಪೈಪಿಗೆ ಬಾಯಿ ಹಚ್ಚಿ ಎಳೆದು, ನಾವು ಮುಖ ತೊಳೆಯುವ ಕಲ್ಲಿನ ಮೇಲೆ ಥೂ ಎಂದು ಉಗುಳಿ, ಆಮೇಲೆ ದೊಡ್ಡಪ್ಪ ಹ್ಯಾಂಡಲ್ ಹಿಡಿಯುತ್ತಿದ್ದ. ಎಂಜಿನ್ ಹತ್ತಿತೆಂದರೆ ಮೀಸೆ ತಿರುವುತ್ತ ಇಡೀ ಓಣಿಗೆ ಕೇಳುವಂತೆ ಹೇಳುತ್ತಿದ್ದ: "ನನ್ನ ಗಾಡಿ ಕಂಡವರ ಕೈಗೆಲ್ಲ ಒಲಿಯೂದಲ್ಲ!"

ಇಷ್ಟಕ್ಕೇ ನಿಂತಿದ್ದರೆ ನಾನು ಮೂಗು ಮುಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ನಮ್ಮ ಮನೆಯ ಹೆಣ್ಣು ನೋಡಲು ಬಂದ ಗಂಡು ಅವಲಕ್ಕಿ ತಿಂದು, ಚಹಾ ಕುಡಿದು, ಎದ್ದು ಆ ಗಾಡಿ ಚಾಲೂ ಮಾಡಬೇಕಿತ್ತು. ಇದು ದೊಡ್ಡಪ್ಪನ ಕಾನೂನು. ಎಂಜಿನ್ ಹತ್ತಿದರೆ ಮುಂದಿನ ಮಾತು, ಇಲ್ಲವಾದರೆ "ಗಾಡಿ ಒಪ್ಪಲಿಲ್ರಿ" ಎಂದು ಕೈ ಮುಗಿದು ಕಳಿಸುವುದು. ನನ್ನನ್ನು ಒಪ್ಪುವುದು ಬಿಡುವುದು ಗಾಡಿಯ ಮರ್ಜಿ! ಎತ್ತು ಕೊಳ್ಳುವಾಗಲಾದರೂ ಎತ್ತಿನ ಕಡೆ ನೋಡುತ್ತಾರೆ.

ಮೊದಲು ಬಬಲೇಶ್ವರದಿಂದ ಒಬ್ಬ ಶಾಲಾ ಮಾಸ್ತರ ಬಂದಿದ್ದ. ಮೆತ್ತಗೆ ಮಾತಾಡುತ್ತಿದ್ದ, ನನಗೆ ಮನಸ್ಸಿಗೆ ಬಂದಿದ್ದ. ಹ್ಯಾಂಡಲ್ ಉಲ್ಟಾ ಹೊಡೆದು ಮಣಿಕಟ್ಟು ಬಾತು, ಅರಿಷಿಣ ಹಚ್ಚಿಸಿಕೊಂಡು ಹೋದವನು ಮತ್ತೆ ಈ ಕಡೆ ಸುಳಿಯಲಿಲ್ಲ.

ಆಮೇಲೆ ಬಂದವನು ಸಾರವಾಡದವನು. ಮನೆಯಲ್ಲಿ ಟ್ರ್ಯಾಕ್ಟರುಗಳು, ಮೈಮೇಲೆ ಗರಿಗರಿ ಬಿಳಿ ಅಂಗಿ, ದೊಡ್ಡಪ್ಪನಿಗೆ ನೋಡುವ ಮೊದಲೇ ಅವನು ಹಿಡಿಸಿದ್ದ. ಅವತ್ತು ಮುಂಜಾನೆ, ಅವರು ಬರುವ ತುಸು ಮೊದಲು, ನಾನು ರಂಗೋಲಿ ಹಾಕಲು ಹೋದರೆ ಅಂಗಳದ ತುಂಬ ಹೊಗೆಯ ವಾಸನೆ. ಅಮಾವಾಸ್ಯೆ ಅಲ್ಲದ ದಿನ! ಬಾನೆಟ್ ಮೇಲೆ ಕೈ ಇಟ್ಟೆ. ಒಲೆಯಿಂದ ಆಗಷ್ಟೇ ಇಳಿಸಿದ ಹಂಚಿನ ಹಾಗೆ ಸುಡುತ್ತಿತ್ತು. ಬಿಸಿ ಇದ್ದ ಎಂಜಿನ್ ಯಾರು ತಿರುವಿದರೂ ಹತ್ತುತ್ತದೆ ಎನ್ನುವುದು ಆ ಮನೆಯಲ್ಲಿ ಬೆಳೆದ ನನಗೆ ಗೊತ್ತಿತ್ತು. ಮಾಸ್ತರನಿಗೆ ತಣ್ಣಗಿನ ಎಂಜಿನ್, ಇವನಿಗೆ ಬಿಸಿ ಎಂಜಿನ್. ಗಾಡಿ ಒಪ್ಪುತ್ತದಂತೆ, ಥೂ!

ಆದರೂ ಅವನಿಗೆ ಲಗೂನೆ ಆಗಲಿಲ್ಲ. ಅಂಗಿ ಹೊಲಸಾದೀತೆಂದು ದೂರ ನಿಂತು ತಿರುವಿದ. ಎಂಜಿನ್ ಕೆಮ್ಮಿ ಸುಮ್ಮನಾಯಿತು. ನೋಡಲು ಸೇರಿದ್ದ ಓಣಿಯ ಮಂದಿ ನಕ್ಕರು. ಅವನ ತಾಯಿ ಪಾಪ, ಬೆವರು ಒರೆಸಲೆಂದು ಸೆರಗು ಹಿಡಿದು ಹತ್ತಿರ ಹೋದಳು. "ಸರೀ ಬೇ ಆ ಕಡಿ!" ಎಂದು ಮೊಣಕೈಯಿಂದ ದಬ್ಬಿದ. ಮುದುಕಿ ನೆಲದ ಮೇಲೆ ಚೆಲ್ಲಿದ ಆಯಿಲಿನಲ್ಲಿ ಕುಸಿದು ಕೂತಳು. ಅದೇ ಸಿಟ್ಟಿನಲ್ಲಿ ಇನ್ನೊಮ್ಮೆ ತಿರುವಿದ, ಎಂಜಿನ್ ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡಪ್ಪ ಅಲ್ಲೇ ನನ್ನನ್ನು ಕೊಡುವ ಮಾತು ಕೊಟ್ಟು, ಸಕ್ಕರೆ ಹಂಚಿದ. ಮುದುಕಿ ತಾನೇ ಎದ್ದು ಸೀರೆ ಝಾಡಿಸಿಕೊಂಡಳು.

ಅವರು ಹೋದ ಮೇಲೆ ನಾನು ಅಂಗಳಕ್ಕೆ ಬಂದು ನಿಂತೆ.

"ಬಾನೆಟ್ ಬಿಸಿ ಇತ್ತು ದೊಡ್ಡಪ್ಪ. ನಾ ಮುಟ್ಟಿ ನೋಡೀನಿ."

ಹ್ಯಾಂಡಲ್ ಒರೆಸುತ್ತಿದ್ದವನು ನನ್ನ ಕಡೆ ತಿರುಗಿದ.

"ಹಡದವ್ವನ್ನ ದಬ್ಬ್ಯಾನ ಅವಾ. ನೀ ಸಕ್ಕರಿ ಹಂಚಾಕತ್ತಿದ್ದಿ. ನಿನ್ನ ಕಂಡ್ರ ಹೇಸಿಗಿ ಬರ್ತೈತಿ ನನಗ."

ನಮ್ಮ ಮನೆಯಲ್ಲಿ ಅವನಿಗೆ ಯಾರೂ ಎದುರು ಮಾತಾಡಿದ್ದಿಲ್ಲ. ಹೊಡೆಯುತ್ತಾನೆ ಎಂದುಕೊಂಡೆ. ಮೂಗು ಒರೆಸಿಕೊಂಡು ಒಳಗೆ ಹೋದ, ಊಟಕ್ಕೆ ಬರಲಿಲ್ಲ.

ಮರುದಿನ ನನ್ನಪ್ಪನನ್ನು ಕರೆದುಕೊಂಡು ಸಾರವಾಡಕ್ಕೆ ಹೋದ. ಬೀಗರ ಊರಿಗೆ ಗಾಡಿ ಇಲ್ಲದೆ ಕಾಲಿಡದ ಮನುಷ್ಯ ಬಸ್ಸಿನಲ್ಲಿ ಹೋದ. ಅಲ್ಲಿ ಹಿರಿಯರ ಮುಂದೆ ಏನು ಹೇಳಿದನೆಂದು ಅಪ್ಪ ಬಂದು ಹೇಳಿದ. "ಹುಡುಗಿ ಒಲ್ಲೆ ಅಂದಾಳ" ಎಂದಿದ್ದರೆ ಹೆಸರು ಕೆಡುತ್ತಿದ್ದುದು ನನ್ನದು. ದೊಡ್ಡಪ್ಪ ಹಾಗೆ ಹೇಳಲಿಲ್ಲ.

"ತಪ್ಪು ನಂದ್ರಿ. ಮುಂಜಾನೆನ ಗಾಡಿ ಬಿಸಿ ಮಾಡಿ ಇಟ್ಟಿದ್ದೆ. ಬಿಸಿ ಗಾಡಿ ಯಾರ ತಿರುವಿದ್ರೂ ಹತ್ತತೈತಿ. ನಿಮಗ ಮೋಸ ಮಾಡೀನಿ, ನಮ್ಮ ಹುಡುಗಿದು ಇದರಾಗ ಏನಿಲ್ಲ. ಕೊಟ್ಟ ಮಾತು ವಾಪಸ್ ತಗೋತೀನ್ರಿ" ಎಂದನಂತೆ. "ಈ ವಯಸ್ಸಿನ್ಯಾಗ ಮೀಸಿ ಯಾಕ ಬಿಟ್ಟೀಯೋ?" ಎಂದು ಅವರು ಕೇಳಿದರಂತೆ. ತಲೆ ತಗ್ಗಿಸಿ ಕೇಳಿಸಿಕೊಂಡು ಬಂದನಂತೆ.

ಸುದ್ದಿ ಊರಿಗೆ ಅವನಿಗಿಂತ ಮೊದಲೇ ಮುಟ್ಟಿತ್ತು. ತಿಕೋಟಾ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ "ಕಾಕಾ, ಗಾಡಿ ಬಿಸಿ ಐತೇನ್ರಿ?" ಎಂದು ಯಾರು ಬೇಕಾದವರೂ ಕೇಳುವಂತಾಯಿತು. ಅವನು ಅಲ್ಲಿಗೆ ಹೋಗುವುದನ್ನೇ ಬಿಟ್ಟ. ಮುಂದೆ ನನ್ನನ್ನು ನೋಡಲು ಬಂದ ನನ್ನ ಗಂಡನಿಗೆ ಹ್ಯಾಂಡಲ್ ತೋರಿಸಲೂ ಇಲ್ಲ. "ಮಾತಾಡ್ಕೋರಿ ಇಬ್ರೂ" ಎಂದು ಹೊರಗೆ ಹೋಗಿ ಗಾಡಿಯ ನೆರಳಿನಲ್ಲಿ ಕೂತ.

ಈಗ ನಾನು ವಿಜಯಪುರದ ಅಥಣಿ ರಸ್ತೆಯಲ್ಲಿದ್ದೇನೆ. ಆ ಗಾಡಿಯನ್ನು ಅವನ ಮಕ್ಕಳು ಮದುವೆ ಫೋಟೋದವರಿಗೆ ಬಾಡಿಗೆಗೆ ಬಿಡುತ್ತಾರೆ. ಗುಂಬಜ್ ಕಡೆ ಹೋದಾಗ ಒಮ್ಮೆ ಕಂಡೆ. ಒಳಗೆ ಬ್ಯಾಟರಿ ಕೂಡಿಸಿದ್ದಾರೆ, ಹ್ಯಾಂಡಲ್ ಬರೀ ತೋರಿಕೆಗೆ. ಮದುಮಗ ಅದನ್ನು ಹೆಬ್ಬೆರಳು ಸುತ್ತಿ ಹಿಡಿದು ಹಲ್ಲು ಕಿಸಿಯುತ್ತಿದ್ದ. ಸುಳ್ಳು ಮೊದಲೂ ಇತ್ತು, ಈಗ ಅದಕ್ಕೆ ಸೆಂಟಿನ ವಾಸನೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ದೊಡ್ಡಪ್ಪ ತೀರಿದ ದಿನ ನಾನು ತಿಕೋಟಾಕ್ಕೆ ಹೋದಾಗ ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ಮಡಿ ಬಟ್ಟೆ, ಕೊರಳ ತುಂಬ ಹೂವು. ಹೆಬ್ಬೆರಳ ಉಗುರಿನ ಸಂದಿಯ ಆಯಿಲು ಮಾತ್ರ ಹಾಗೇ ಇತ್ತು. ಪಕ್ಕದಲ್ಲಿ ಕೂತು ಆ ಬೆರಳನ್ನು ಹಿಡಿದುಕೊಂಡೆ. ಹೇಸಿಗೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಯಿತು. ಅವನನ್ನು ಎತ್ತುವವರೆಗೂ ಬಿಡಲಿಲ್ಲ.