ಕೈಗುಣ ಮೇಸ್ತ್ರಿಯ ಅಂಗೈ

ಕೈಗುಣ ಇರುವುದು ಡಾಕ್ಟರಿಗೂ ಅಡುಗೆಯವರಿಗೂ ಮಾತ್ರ ಎಂದುಕೊಂಡವರು ಈ ಶೆಡ್ಡಿಗೆ ಒಮ್ಮೆ ಬರಬೇಕಿತ್ತು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಮೂರು ಗಾಡಿ ಒತ್ತಿಕೊಂಡು ನಿಲ್ಲುವಷ್ಟು ಜಾಗ. ಇಲ್ಲಿ ಮೂವತ್ತೊಂದು ವರ್ಷದಿಂದ ಬ್ರೇಕ್ ಕೆಲಸ ಮಾಡುವ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇರಬೇಕು, ಆದರೆ ಅದರಿಂದ ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಅವನು ಕೈಗುಣ ಮೇಸ್ತ್ರಿ. ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು, ಇಳಿದು, ಚಕ್ರದ ಹಿಂದಿನಿಂದ ಕೈ ತೂರಿಸಿ ಬ್ರೇಕನ್ನು ಮುಚ್ಚಿರುವ ಕಬ್ಬಿಣದ ಡ್ರಮ್ಮಿನ ಮೇಲೆ ಅಂಗೈ ಇಡುತ್ತಿದ್ದ. ಎಡ ಚಕ್ರಕ್ಕೆ ಎಡಗೈ, ಬಲ ಚಕ್ರಕ್ಕೆ ಬಲಗೈ. ಎಲ್ಲಿ ಬಿಸಿ ಹೆಚ್ಚೋ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಎಂದು ಲೆಕ್ಕ. ಇದೇನು ಮಹಾ ವಿದ್ಯೆಯಲ್ಲ, ಯಾರು ಬೇಕಾದರೂ ಮಾಡಬಹುದು. ಆದರೆ ಅವನ ಅಂಗೈಗೆ ಕೂದಲೆಳೆಯಷ್ಟು ವ್ಯತ್ಯಾಸವೂ ತಿಳಿಯುತ್ತಿತ್ತು. ಕೆಟ್ಟಿರುವುದು ಒಳಗಿನ ಸ್ಪ್ರಿಂಗೋ ಹೊರಗಿನ ಕೇಬಲ್ಲೋ ಎಂದು ಬಿಚ್ಚುವ ಮೊದಲೇ ಹೇಳುತ್ತಿದ್ದ, ಹತ್ತಕ್ಕೆ ಒಂಬತ್ತು ಸಲ ಅದು ಹಾಗೇ ಇರುತ್ತಿತ್ತು. ಹತ್ತನೆಯ ಸಲ ತಪ್ಪು ಗಾಡಿಯದು ಎನ್ನುತ್ತಿದ್ದ.

ಆ ಅಂಗೈ ಸತ್ತು ಈಗ ಎಂಟು ತಿಂಗಳು. ಮೊದಲು ಎರಡೂ ಕೈಯ ಬೆರಳ ತುದಿಗಳಿಗೆ ಜೋಮು ಹಿಡಿಯಿತು. ಕೈ ಮಡಿಚಿ ಮಲಗಿದ್ದಕ್ಕೆ ಇರಬೇಕು ಎಂದುಕೊಂಡ. ಜೋಮು ಇಳಿಯಲಿಲ್ಲ, ಬದಲಿಗೆ ಮಣಿಕಟ್ಟಿನ ತನಕ ಬಂತು. "ಸಕ್ಕರೆ ಕಾಯಿಲೆ ನರಗಳನ್ನ ತಿಂದುಹಾಕಿದೆ. ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳಿ" ಎಂದರು ಡಾಕ್ಟರಮ್ಮ. ಹೂಂ ಎಂದು ತಲೆಯಾಡಿಸಿ ಬಂದ. ಹೆಂಡತಿಗೆ ಹೇಳಲಿಲ್ಲ, ಶೆಡ್ಡಿನ ಯಜಮಾನನಿಗಂತೂ ಉಸಿರೇ ಬಿಡಲಿಲ್ಲ. ಹೇಳಿದರೆ ಮರುದಿನದಿಂದ ಅವನು ಯಾರು? ಬೇರೆ ಕೆಲಸ ಗೊತ್ತಿಲ್ಲ, ಬೇರೆ ಹೆಸರೂ ಇಲ್ಲ.

ಹಾಗಾಗಿ ಉಪಾಯಗಳನ್ನು ಕಲಿತ. ಯಾರೂ ನೋಡದಾಗ ಡ್ರಮ್ಮಿಗೆ ಎಂಜಲು ಉಗಿದು ಚುರ್ ಎನ್ನುತ್ತದೆಯೇ ಎಂದು ಕಿವಿಗೊಡುವುದು. ಚಕ್ರದ ಹತ್ತಿರ ಏನೋ ಹುಡುಕುವವನಂತೆ ಬಗ್ಗಿ ಕೆನ್ನೆಗೆ ಝಳ ತಾಗಿಸಿಕೊಳ್ಳುವುದು. ಬೆರಳಿಗೆ ಗೊತ್ತಾಗದ ನಟ್ಟಿನ ಬಿಗಿಯನ್ನು ಕಣ್ಣಲ್ಲೇ ಅಳೆಯುವುದು. ಕಣ್ಣು ಒಮ್ಮೆ ಕೈ ಕೊಟ್ಟಿತು. ಹೋದ ತಿಂಗಳು ಒಂದು ಗಾಡಿಗೆ ಎರಡು ನಟ್ಟು ಸಡಿಲ ಬಿಟ್ಟಿದ್ದನ್ನು ಯಜಮಾನ ಗೇಟಿನ ಬಳಿ ಕಂಡುಹಿಡಿದ. ಇಬ್ಬರೂ ಒಂದೇ ವಯಸ್ಸಿನವರು, ಮೀಸೆ ಮೂಡುವ ಕಾಲದಿಂದ ಏಕವಚನದ ಗೆಳೆತನ. "ಇನ್ನೊಂದ್ಸಲ ಹಿಂಗಾದ್ರೆ ಬ್ರೇಕ್ ಕೆಲಸ ನಿನ್ನ ಕೈಗೆ ಕೊಡಲ್ಲ ನೋಡು" ಎಂದ ಯಜಮಾನ. ನಗುತ್ತಲೇ ಅಂದ. ಮೇಸ್ತ್ರಿಗೆ ಮೂರು ದಿನ ಊಟ ಸೇರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಮೇಸ್ತ್ರಿಯ ತಂಗಿ ತನ್ನ ಪಿಕಪ್ ತಂದು ನಿಲ್ಲಿಸಿದಳು. ಆಸ್ಪತ್ರೆಯ ಮಾಸಿದ ಹಾಸಿಗೆ ಬಟ್ಟೆಗಳನ್ನು ಲಾಂಡ್ರಿಗೆ, ಒಗೆದದ್ದನ್ನು ಮತ್ತೆ ಆಸ್ಪತ್ರೆಗೆ ಸಾಗಿಸುವುದು ಅವಳ ದುಡಿಮೆ. ಆಸ್ಪತ್ರೆ ಇರುವುದು ದಿಬ್ಬದ ಮೇಲೆ. ಬಟ್ಟೆ ಇಳಿಸುವಾಗ ಗಾಡಿ ಇಳಿಜಾರಿಗೆ ಮುಖ ಮಾಡಿ ನಿಂತಿರುತ್ತದೆ, ಅದಕ್ಕೇ ಅವಳು ಹ್ಯಾಂಡ್ ಬ್ರೇಕನ್ನು ಬಾವಿಯಿಂದ ನೀರು ಸೇದುವವಳ ಹಾಗೆ ಎಳೆಯುತ್ತಾಳೆ.

"ಅಣ್ಣಾ, ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ ಆಗ್ತಿದೆ. ಎಷ್ಟು ಒತ್ತಿದ್ರೂ ಗಾಡಿ ಮುಂದೆ ಹೋಗಲ್ಲ ಅನ್ನುತ್ತೆ. ಸುಟ್ಟ ವಾಸನೆ ಬೇರೆ."

"ಹ್ಯಾಂಡ್ ಬ್ರೇಕ್ ಇಳಿಸಿದ್ಯಾ?"

"ಇಳಿಸದೆ ಬರ್ತೀನಾ? ಬ್ರೇಕಿನ ಕೆಂಪು ದೀಪಾನೂ ಆರಿದೆ."

"ನೀನು ಇಳಿಸಿದ್ದು ಇಲ್ಲಿರೋ ಹಿಡೀನ. ಅಲ್ಲಿ ಚಕ್ರದಲ್ಲಿ ಅದು ಬಿಟ್ಟಿಲ್ಲ."

ಅಷ್ಟು ಹೊತ್ತಿಗೆ ಯಜಮಾನ ಟೀ ಲೋಟ ಹಿಡಿದು ಬಾಗಿಲಿಗೆ ಬಂದ. ತಂಗಿಗೆ ಹುರುಪು ಬಂತು. "ನೋಡ್ತಾ ಇರಿ, ನಮ್ಮಣ್ಣ ಕೈ ಇಟ್ಟೇ ಹೇಳ್ತಾನೆ" ಎಂದಳು. ಪಾಪ, ಅವಳಿಗೇನು ಗೊತ್ತು.

ಮೇಸ್ತ್ರಿ ಒಂದು ಸುತ್ತು ಓಡಿಸಿ ಬಂದ. ಎಡ ಹಿಂಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಎಡ ಅಂಗೈ ಇಟ್ಟ. ಏನೂ ಇಲ್ಲ. ಏನಾದರೂ ಹೇಳೀತು ಎಂಬ ಆಸೆಯಿಂದ ಮಾಮೂಲಿಗಿಂತ ಹೆಚ್ಚು ಹೊತ್ತು ಅದುಮಿ ಹಿಡಿದ. ಎದ್ದು ಹೋಗಿ ಬಲ ಚಕ್ರಕ್ಕೆ ಬಲ ಅಂಗೈ ಇಟ್ಟ. ಎರಡೂ ಒಂದೇ ಥರ. ಉಗಿಯುವ ಹಾಗಿಲ್ಲ, ಎರಡು ಜೊತೆ ಕಣ್ಣು ಅವನ ಮೇಲೇ ಇವೆ. ಗಾಡಿಯ ಕೆಳಗೆ ಒಮ್ಮೆ ಬಗ್ಗಿ ನೋಡಿದ್ದರೆ ಎಡಗಡೆಯ ತುಕ್ಕು ತಾನೇ ಕೂಗಿ ಹೇಳುತ್ತಿತ್ತು. ಆದರೆ ಕೈಗುಣ ಮೇಸ್ತ್ರಿ ಎಲ್ಲರ ಎದುರು ಬಗ್ಗಿ ನೋಡುವುದುಂಟೇ? ಹಾಳು ಹೆಮ್ಮೆ.

"ಬಲಗಡೇದು" ಎಂದ.

ಯಜಮಾನ ತಲೆಯಾಡಿಸಿ ಒಳಗೆ ಹೋದ. ಮೇಸ್ತ್ರಿ ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಜಾಕ್ ಏರಿಸಿ, ಬಲ ಚಕ್ರ ಕಳಚಿ, ಡ್ರಮ್ ಎಳೆದ. ಅದು ಸಲೀಸಾಗಿ ಕೈಗೆ ಬಂತು. ಹಿಡಿದುಕೊಂಡ ಬ್ರೇಕ್ ಹೀಗೆ ಬರುವುದಿಲ್ಲ ಎಂದು ಅವನಿಗೆ ಗೊತ್ತು. ಒಳಗೆ ಎಲ್ಲ ಹೊಸದರಂತೆ: ಲೈನರ್ ಸರಿಯಿದೆ, ಸ್ಪ್ರಿಂಗ್ ಚುರುಕಾಗಿದೆ. ಆದರೂ "ಸ್ವಲ್ಪ ಬಿಗಿಯಾಗಿತ್ತು ಅಷ್ಟೆ" ಎನ್ನುತ್ತ, ಬಿಗಿ ಕೊಡುವ ಹಲ್ಲುಚಕ್ರವನ್ನು ಆರು ಹಲ್ಲು ಸಡಿಲಿಸಿದ. ಹಿಂಚಕ್ರಗಳಲ್ಲಿ ಸರಿಯಾಗಿದ್ದ ಒಂದೇ ಒಂದು ಬ್ರೇಕನ್ನೂ ಹೀಗೆ ಅರ್ಧ ಕೊಂದ.

ಚಕ್ರ ಕೂರಿಸಿ ಮುಗಿಯುವ ಹೊತ್ತಿಗೆ ತಂಗಿ ಕೈ ಒರೆಸಿಕೊಳ್ಳಲು ಬಟ್ಟೆ ಚಾಚಿದಳು. ಅವನು ಎಡಗೈ ಚಾಚಿದ. ಅವಳು ಬಟ್ಟೆ ಕೊಡಲಿಲ್ಲ.

"ಅಣ್ಣಾ, ಕೈ ತೋರ್ಸು."

ಅಂಗೈ ತುಂಬ ಬೊಬ್ಬೆ ಎದ್ದಿತ್ತು. ಒಂದು ಒಡೆದು ನೀರು ಮಣಿಕಟ್ಟಿಗೆ ಇಳಿಯುತ್ತಿತ್ತು. ಅವನೂ ಅದನ್ನು ಆಗಷ್ಟೇ ನೋಡಿದ, ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದ. ಅವಳು ಅಂಗೈಯನ್ನೂ ಎಡ ಚಕ್ರವನ್ನೂ ಒಂದಾದ ಮೇಲೊಂದು ನೋಡಿದಳು. ದಡ್ಡಿಯಲ್ಲ ಅವಳು.

"ಇದು ಎಡಗಡೆ ಇಟ್ಟ ಕೈ ತಾನೇ?"

ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ಹಾಗಾದ್ರೆ ಎಡಗಡೇದು" ಎಂದಳು ಮೆಲ್ಲಗೆ. ಆಮೇಲೆ, "ಎಷ್ಟು ದಿನದಿಂದ ಹೀಗೆ?"

"ಎಂಟು ತಿಂಗಳು."

"ಅತ್ತಿಗೆಗೆ ಗೊತ್ತಾ?"

"ಇಲ್ಲ."

ಅವನನ್ನು ನಲ್ಲಿಗೆ ಎಳೆದುಕೊಂಡು ಹೋಗಿ ನೀರು ಬಿಟ್ಟಳು, ಒಗೆದ ಬಟ್ಟೆಯ ಗಂಟಿನಿಂದ ಒಂದನ್ನು ಹರಿದು ಸುತ್ತಿದಳು. ಸುತ್ತುವಾಗ ಅವಳು ಅತ್ತಳು, ಅವನಿಗೆ ನೋಯಬಾರದೆಂದು ಮೆತ್ತಗೆ ಸುತ್ತಿದಳು. ನೋವಿದ್ದರೆ ಅವನು ಅದನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತಿದ್ದ. ಡಾಕ್ಟರ ಹತ್ತಿರ ನಡಿ ಎಂದಳು. ಮೊದಲು ಗಾಡಿ ಎಂದ ಅವನು.

ಎಡಗಡೆ ಜಾಕ್ ಏರಿಸಿದರು. ಡ್ರಮ್ ಆರುವ ತನಕ ಕಾದರು. ಅವನು ಹೇಳಿದ, ಅವಳು ಮಾಡಿದಳು. ಚಕ್ರ ಕೈಯಲ್ಲಿ ತಿರುಗಲಿಲ್ಲ. ಗಾಡಿಯ ನಡುವೆ ಎರಡೂ ಚಕ್ರದ ಹ್ಯಾಂಡ್ ಬ್ರೇಕ್ ಕೇಬಲ್ ಕೂಡುವ ಕಡೆ ಸಡಿಲಿಸಿದರು, ಆಗಲೂ ತಿರುಗಲಿಲ್ಲ. ಡ್ರಮ್ಮನ್ನು ಬಡಿದು ಬಡಿದು ಕಳಚಿ, ಕೇಬಲ್ಲಿನ ತುದಿಯನ್ನು ಕೊಂಡಿಯಿಂದ ಬಿಡಿಸಿದ ಕೂಡಲೇ ಹೊರಕ್ಕೆ ಒತ್ತಿಕೊಂಡಿದ್ದ ಬ್ರೇಕಿನ ಎರಡೂ ತುಂಡುಗಳು ಟಕ್ಕೆಂದು ಒಳಗೆ ಸರಿದವು.

"ಒಳಗೆಲ್ಲ ಸರಿ ಇದೆ. ಕಳ್ಳ ಕೇಬಲ್ಲೇ. ತುದಿ ಹಿಡಿದು ಎಳೆದು ನೋಡು, ಹೇಗಿದೆ?"

"ಗೊರಗೊರ ಅನ್ನುತ್ತೆ. ಎಳೆದ್ರೆ ಬರುತ್ತೆ, ಬಿಟ್ರೆ ವಾಪಸ್ ಹೋಗಲ್ಲ."

ಗೊರಗೊರ. ಮೂವತ್ತೊಂದು ವರ್ಷ ಬೆರಳಿಗೆ ಗೊತ್ತಿದ್ದದ್ದು ಈಗ ಬಾಯಿಮಾತಾಗಿ ಬಂತು. ಕೇಬಲ್ಲಿನ ಮೇಲುಹೊದಿಕೆ ಒಂದು ಕಡೆ ಬಿರಿದಿತ್ತು. ಆಸ್ಪತ್ರೆಯವರು ಬ್ಲೀಚಿಂಗ್ ನೀರಲ್ಲಿ ಅದ್ದಿ ಕೊಡುವ ಬಟ್ಟೆಗಳಿಂದ ತೊಟ್ಟಿಕ್ಕಿದ ನೀರು, ಪಿಕಪ್ಪಿನ ತಳದ ತೂತಿನಿಂದ ದಿನಾ ಅಲ್ಲಿಗೇ ಇಳಿದು ಒಳಗಿನ ತಂತಿಯನ್ನು ತಿಂದಿತ್ತು. ಆ ಬಿರುಕಿನ ತುಕ್ಕು ಬಿಟ್ಟರೆ ಹೊರಗಿನಿಂದ ಕೇಬಲ್ ಗಟ್ಟಿಮುಟ್ಟಾಗೇ ಕಾಣುತ್ತಿತ್ತು. ಹೊಸದು ಹಾಕಿದರು. ಬಲಗಡೆ ಸಡಿಲಿಸಿದ ಆರು ಹಲ್ಲನ್ನೂ ಮತ್ತೆ ಬಿಗಿದರು. ಹ್ಯಾಂಡ್ ಬ್ರೇಕಿನ ಹಿಡಿ ಎಳೆದರೆ ಐದನೆಯ ಕಟಕ್ಕಿಗೆ ಗಟ್ಟಿಯಾಗಿ ನಿಂತಿತು.

ತಂಗಿ ಒಂದು ಸುತ್ತು ಹೋಗಿ ಬಂದು, ಇಳಿದು, ಅವನು ಮಾಡುತ್ತಿದ್ದ ಹಾಗೆಯೇ ಎರಡೂ ಚಕ್ರಕ್ಕೆ ಕೈ ಇಟ್ಟಳು.

"ಎರಡೂ ಒಂದೇ ಥರ ಇದೆ, ಅಣ್ಣ."

ಆಮೇಲೆ ದನಿ ತಗ್ಗಿಸಿ, "ನಾನು ಯಾರಿಗೂ ಹೇಳಲ್ಲ. ನೀನೂ ಹೇಳ್ಬೇಡ" ಎಂದಳು.

ಅವನು ಗಾಡಿಯನ್ನು ನೋಡಿದ. ಅವಳು ಬೊಬ್ಬೆ ಕಾಣದೆ ಹೋಗಿದ್ದರೆ ಇಷ್ಟು ಹೊತ್ತಿಗೆ ದಿಬ್ಬದ ಮೇಲೆ ನಿಂತು ಬಟ್ಟೆ ಇಳಿಸುತ್ತಿದ್ದಳು. ಒಂದು ಚಕ್ರ ಬೇಯುತ್ತ, ಇನ್ನೊಂದು ಹಿಡಿತವಿಲ್ಲದೆ. ಹಾಗೆ ಕಳಿಸುತ್ತಿದ್ದವನು ಸ್ವಂತ ಅಣ್ಣ. "ನೀನು ಹೊರಡು" ಎಂದು ಅವಳನ್ನು ಕಳಿಸಿ ಯಜಮಾನನ ಕೋಣೆಗೆ ಹೋದ.

ಕೋಣೆ ಎಂದರೆ ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ಸುರುಳಿ ಸುತ್ತಿ ನೇತುಹಾಕಿದ ಬೆಲ್ಟುಗಳು. ಕಟ್ಟಿದ ಎಡಗೈ, ಬಲಗೈ ಎರಡನ್ನೂ ಮೇಜಿನ ಮೇಲಿಟ್ಟು ಎಲ್ಲ ಹೇಳಿದ. ಜೋಮಿನಿಂದ ಹಿಡಿದು ಆರು ಹಲ್ಲಿನ ತನಕ, ಒಂದೂ ಬಿಡಲಿಲ್ಲ. ಯಜಮಾನ ಬೈಯಲಿಲ್ಲ. ಆಶ್ಚರ್ಯವನ್ನೂ ಪಡಲಿಲ್ಲ.

"ಗೊತ್ತಿತ್ತು ಕಣೋ" ಎಂದ.

"ಯಾವಾಗಿಂದ?"

"ಎರಡು ನಟ್ಟಿನ ದಿನದಿಂದ. ಆವತ್ತಿಂದ ನೀನು ಮುಗಿಸಿದ ಗಾಡೀನೆಲ್ಲ, ನೀನು ಊಟಕ್ಕೆ ಹೋದಾಗ, ನಾನು ಇನ್ನೊಂದ್ಸಲ ಬಿಚ್ಚಿ ನೋಡಿನೇ ಕಳಿಸ್ತಿದ್ದೆ. ಇವತ್ತಿಂದು ಒಂದು ತಪ್ಪಿಹೋಗ್ತಿತ್ತು, ತಂಗಿ ಗಾಡೀಲಿ ನೀನು ತಪ್ಪು ಮಾಡಲ್ಲ ಅಂತ ಬಿಟ್ಟಿದ್ದೆ."

ಮೇಸ್ತ್ರಿ ಕೂತೇ ಇದ್ದ. ಕಳೆದ ಒಂದು ತಿಂಗಳು ಹೇಗೋ ನಿಭಾಯಿಸಿದೆ, ಕೈ ಹೋದರೂ ಕೈಗುಣ ಹೋಗಿಲ್ಲ ಎಂದು ರಾತ್ರಿ ಮಲಗುವಾಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆ ಕೈಗುಣವೂ ಯಜಮಾನನ ಕೈಯದ್ದೇ ಆಗಿತ್ತು. ಎಷ್ಟು ಗಾಡಿ ಬಿಚ್ಚಿ ಸರಿಮಾಡಿದೆ ಎಂದು ಕೇಳಬೇಕೆನಿಸಿತು. ಕೇಳುವ ಧೈರ್ಯ ಬರಲಿಲ್ಲ.

"ನಾಳೆಯಿಂದ ಬ್ರೇಕ್ ಕೆಲಸ ಬೇಡ ಅಲ್ವಾ?" ಎಂದ.

"ಬೇಡ" ಎಂದ ಯಜಮಾನ.

ಹೊರಗೆ ಯಾವುದೋ ಗಾಡಿ ಬಂದು ಹಾರನ್ ಮಾಡಿತು. ಮೇಸ್ತ್ರಿ ಅಭ್ಯಾಸಬಲದಿಂದ ಏಳಲು ಹೋದ, ಏಳಲಾಗಲಿಲ್ಲ, ಏನೋ ತಡೆಯಿತು. ಕೆಳಗೆ ನೋಡಿದ. ಯಜಮಾನ ಮೇಜಿನ ಆಚೆಯಿಂದ ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದ. ಯಾವಾಗಿನಿಂದ ಹಿಡಿದಿದ್ದನೋ, ಅವನಿಗೆ ಗೊತ್ತಾಗಿರಲಿಲ್ಲ.