ಚನ್ನವೀರನ ಮನೆಯ ಸಾಮ್ರಾಜ್ಯ

ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತನಾಗಿ ಹದಿನೇಳು ಶತಮಾನ ಕಳೆದಿವೆ. ಕಡಲಾಚೆಯ ಎಜುಕೇಶನ್ ಹಿಲ್ ಬಡಾವಣೆಯ ಚನ್ನವೀರನ ಮನೆಯಲ್ಲಿ ಮಾತ್ರ ಅದು ಇನ್ನೂ ಬಿಸಿಬಿಸಿ ಸುದ್ದಿ. ಆಫೀಸಿಗೆ ಹೋಗುತ್ತ ಬರುತ್ತ ಕಾರಿನಲ್ಲಿ ಇತಿಹಾಸದ ಪಾಡ್‌ಕಾಸ್ಟ್ ಕೇಳುವ ಈ ಬಗೆಯ ಗಂಡಸರಿಗೆ ಜಗತ್ತಿನ ಸಕಲ ರೋಗಕ್ಕೂ ಒಂದೇ ಮದ್ದು ಸಿಕ್ಕಿರುತ್ತದೆ. "ದೊರಿ ಒಬ್ಬಾಂವ ಬದಲಾದ ನೋಡ್ರಿ, ಅಧಿಕಾರಿಗಳು ಬೆನ್ನು ಹತ್ತಿದ್ರು, ಇಡೀ ಸಾಮ್ರಾಜ್ಯನ ಹಿಂದ ಬಂತು" ಎಂದು ಅವನು ಗಣೇಶನ ಹಬ್ಬದ ಊಟದ ಸಾಲಿನಲ್ಲಿ ಹೇಳುತ್ತಾನೆ. ಡಿಶ್‌ವಾಷರ್ ರಿಪೇರಿಗೆ ಬಂದವನನ್ನೂ ಬಿಟ್ಟಿಲ್ಲ. ಹೆಂಡತಿ ವೈಶಾಲಿ ನಡೆಸುವ ಶನಿವಾರದ ಕನ್ನಡ ಕ್ಲಾಸನ್ನು ಮಗಳು ಕೀರ್ತಿ ಬಿಟ್ಟಳೆಂದು ಉಳಿದ ಮಕ್ಕಳೂ ಬಿಟ್ಟು, ಅದು ಮುಚ್ಚುವ ಸ್ಥಿತಿಗೆ ಬಂದಾಗಲೂ ಅದೇ ಮದ್ದು: "ಹುಡುಗರ ದೊರಿ ಅಂದ್ರ ನಮ್ಮ ಕೀರ್ತಿನ. ಆಕಿ ಒಪ್ಪಿದ್ರ ಎಲ್ಲಾರೂ ಬರ್ತಾರ." "ಹಂಗಾರ ಹೋಗಿ ಒಪ್ಪಸ್ರಿ. ನಿಮ್ಮ ರೋಮ್ ಕೇಳಿ ಕೇಳಿ ನನಗ ಸಾಕಾಗೇತಿ" ಎಂದಳು ವೈಶಾಲಿ. ಅವನು ಮೆಟ್ಟಿಲ ಬುಡದಲ್ಲಿ ನಿಂತು ಕನ್ನಡದ ಹಿರಿಮೆಯನ್ನು ಇಂಗ್ಲಿಷಿನಲ್ಲಿ ಸಾರಿದ. "ಯು ಫಸ್ಟ್, ಅಪ್ಪಾ" ಎಂದಿತು ಮೇಲಿನ ಕೋಣೆ. ವೈಶಾಲಿಗೆ ನಗು ಬಂತು, ಆದರೆ ನಗಲಿಲ್ಲ. ಕೀರ್ತಿಗೆ ಮಾತು ಬರುವುದು ತಡವಾದಾಗ, ಮನೆಯಲ್ಲಿ ಇಂಗ್ಲಿಷೊಂದನ್ನೇ ಆಡಿ ಎಂದು ಯಾರೋ ಹೇಳಿದ್ದರು. ವೈಶಾಲಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಇವನು ಹೆದರಿ, ಅಂದಿನಿಂದ ಮಗಳೊಡನೆ ಒಂದು ಕನ್ನಡ ಶಬ್ದವನ್ನೂ ಆಡಿರಲಿಲ್ಲ. ಈಗ, ಗುರುತಿಲ್ಲದವರ ಬಾಗಿಲು ತಟ್ಟುವವನಂತೆ ಕೇಳಿದ: "ಊಟ ಆತೇನವ್ವಾ?" ಮೇಲಿನ ಕೋಣೆಯ ಬಾಗಿಲು ಅರೆ ತೆರೆಯಿತು. ಆಮೇಲೆ, ಮೆಲ್ಲಗೆ, "ಹೂಂ, ಆತು."